ಕಾಯಿಲೆಯವರ ಕಿಂಡಿ

ಪ್ರಾರ್ಥನೆಯ ಪೆಟ್ಟಿಗೆಗೆ ಮೂರೇ ಕಿಂಡಿ ಯಾಕೆ ಇಡಿಸಿದರು ಎಂಬ ಸಿಟ್ಟು ಕುಕ್ಕರ್ ಎಂಬ ಅಡ್ಡಹೆಸರಿನವನಿಗೆ ಇವತ್ತಿಗೂ ಇಳಿದಿಲ್ಲ. ಚರ್ಚಿನ ಬಾಗಿಲು ದಾಟಿದ ಕೂಡಲೇ ಬಲಗಡೆ, ಕೊಡೆ ಇಡುವ ಮೂಲೆಯಲ್ಲಿ, ಗೋಡೆಗೆ ಹೊಡೆದು ನಿಲ್ಲಿಸಿದ ಮರದ ಪೆಟ್ಟಿಗೆ ಅದು. ಯಾರಿಗಾಗಿ ಪ್ರಾರ್ಥನೆ ಬೇಕೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. ಮೊದಲ ಕಿಂಡಿಯ ಮೇಲೆ 'ಕಾಯಿಲೆಯವರು', ಎರಡನೆಯದರ ಮೇಲೆ 'ಪ್ರಯಾಣದಲ್ಲಿರುವವರು', ಮೂರನೆಯದರ ಮೇಲೆ 'ತೀರಿಕೊಂಡವರ ಮನೆಯವರು'. ಅಷ್ಟೇ. ಮನುಷ್ಯನೆಂದರೆ ಒಂದೋ ಮಲಗಿರಬೇಕು, ಇಲ್ಲವೇ ಬಸ್ಸಿನಲ್ಲಿರಬೇಕು, ಅದೂ ಅಲ್ಲದಿದ್ದರೆ ಮನೆಯಲ್ಲೊಂದು ಸಾವಾದರೂ ಆಗಿರಬೇಕು ಎಂದು ಚರ್ಚಿನ ಸಭೆಯ ಕಾರ್ಯದರ್ಶಿಗಳು ತೀರ್ಮಾನ ಮಾಡಿಬಿಟ್ಟಿದ್ದರು.

ಈ ಕಾರ್ಯದರ್ಶಿಗಳು ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಲೋಕದಲ್ಲಿರುವುದೆಲ್ಲ ಯಾವುದಾದರೊಂದು ಕಾಲಂನೊಳಗೆ ಹೋಗಿ ಕೂತರೆ ಮಾತ್ರ ಅವರಿಗೆ ಅನ್ನ ಸೇರುವುದು. ವಿಶ್ವಾಸದಿಂದ ಹಿಂಜಾರಿದವರಿಗೂ ಒಂದು ಕಿಂಡಿ ಬೇಡವೇ ಎಂದು ಕುಕ್ಕರ್ ಜಗಳ ತೆಗೆದಾಗ, ಅಂಥವರ ಹೆಸರು ಯಾರೂ ಬರೆದು ಹಾಕುವುದಿಲ್ಲ, ಖಾಲಿ ಕಿಂಡಿ ಬಿಟ್ಟರೆ ಜೇಡ ಗೂಡು ಕಟ್ಟುತ್ತದೆ ಎಂದು ತಣ್ಣಗೆ ಹೇಳಿದರು. ಆ ತಣ್ಣಗಿನ ಉತ್ತರವೇ ಕುಕ್ಕರ್‌ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿರುವುದು.

ಕುಕ್ಕರ್ ಎಂದರೆ ಸೀಟು ಹೊಲಿಯುವವನು. ಬಸ್ಸು, ಲಾರಿ, ವ್ಯಾನು, ಏನನ್ನೇ ತಂದು ನಿಲ್ಲಿಸಿ, ಹಳೆಯ ಹೊದಿಕೆ ಸುಲಿದು, ಫೋಮು ತುಂಬಿ, ಹೊಸ ರೆಕ್ಸಿನ್ ಬಿಗಿಯಾಗಿ ಎಳೆದು ಹೊದಿಸಿ ಕೊಡುತ್ತಾನೆ. ಶಾಲೆಗೆ ಹೋದದ್ದು ಐದು ವರ್ಷ. ಅದರಲ್ಲೂ ಕ್ಲಾಸಿನ ಒಳಗೆ ಕೂತದ್ದಕ್ಕಿಂತ ಹೊರಗೆ ನಿಂತದ್ದು ಜಾಸ್ತಿ. ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಆ ಸಿಟ್ಟಿಗೂ ಒಂದು ಕ್ರಮವಿದೆ. ಮೂರು ಸಲ ಕೂಗುತ್ತಾನೆ, ಆಮೇಲೆ ತಾನಾಗಿಯೇ ಆರುತ್ತಾನೆ. ಆ ಹೆಸರಿಟ್ಟವಳು ಅವನ ಹೆಂಡತಿಯೇ. ಮೂರನೆಯ ಕೂಗು ಮುಗಿಯುವವರೆಗೆ ಅವಳು ತಲೆಯೆತ್ತದೆ ತರಕಾರಿ ಹೆಚ್ಚುತ್ತಿರುತ್ತಾಳೆ, ಮುಗಿದ ಮೇಲೆ ತನ್ನ ಮಾತು ಶುರು ಮಾಡುತ್ತಾಳೆ.

ಅವನ ಶೆಡ್ಡಿಗೂ ಪಕ್ಕದ ಶೆಡ್ಡಿಗೂ ನಡುವೆ ಒಂದೇ ಒಂದು ತಗಡಿನ ಗೋಡೆ. ಅದು ಮಾಡಿನವರೆಗೆ ಮುಟ್ಟುವುದಿಲ್ಲ. ಮೇಲೆ ಒಂದು ಮೊಳ ಸಂದಿ ಇದೆ. ಆ ಸಂದಿಯಲ್ಲಿ ಕತ್ತರಿ, ಟೀ ಲೋಟ, ಬೈಗುಳ ಎಲ್ಲವೂ ಇಪ್ಪತ್ತು ವರ್ಷದಿಂದ ಈ ಕಡೆಯಿಂದ ಆ ಕಡೆಗೆ ಓಡಾಡಿವೆ. ಆ ಕಡೆಯವನು ಗುಡುಗು. ಗುದ್ದಿಸಿಕೊಂಡು ಬಂದ ಗಾಡಿಗಳ ತಗ್ಗು ತೆಗೆದು ತಗಡು ನೆಟ್ಟಗೆ ಮಾಡುವ ಟಿಂಕರ್. ಅವನಿಗೆ ಆ ಹೆಸರು ಬಂದದ್ದು ಸುತ್ತಿಗೆಯಿಂದಲ್ಲ, ಗಂಟಲಿನಿಂದ. ಚರ್ಚಿನಲ್ಲಿ ಎಡಗಡೆಯ ಮೂರನೇ ಬೆಂಚಿನಲ್ಲಿ ನಿಂತು ಅವನು ಕೀರ್ತನೆ ಎತ್ತಿಕೊಂಡರೆ ಎರಡನೇ ಬೆಂಚಿನವರ ಬೆನ್ನುಮೂಳೆ ಜುಮ್ಮೆನ್ನುತ್ತಿತ್ತು. ಅವನ ಪಕ್ಕದಲ್ಲಿ ಕುಕ್ಕರ್. ಕುಕ್ಕರ್‌ಗೆ ರಾಗಕ್ಕೂ ತನಗೂ ಸಂಬಂಧವಿಲ್ಲವೆಂಬುದು ಚೆನ್ನಾಗಿ ಗೊತ್ತು. ಗುಡುಗಿನ ದನಿಯ ಅಡಿಯಲ್ಲಿ ಬಚ್ಚಿಟ್ಟುಕೊಂಡು ಇಪ್ಪತ್ತು ವರ್ಷ ಎದೆ ತುಂಬಿ ಹಾಡಿದ್ದ.

ಹೆಂಡತಿ ತೀರಿಕೊಂಡ ಮೇಲೆ ಗುಡುಗು ಚರ್ಚಿಗೆ ಬರುವುದನ್ನು ಬಿಟ್ಟ. ದುಃಖ, ನಾಲ್ಕು ದಿನ ಹೋದರೆ ಸರಿಯಾಗುತ್ತಾನೆ ಎಂದರು ಎಲ್ಲರೂ. ನಾಲ್ಕು ದಿನ ಹೋಗಿ ಎರಡು ವರ್ಷವಾಯಿತು. ಬರದಿದ್ದರೆ ಹೋಗಲಿ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಶೆಡ್ಡು ತೆಗೆದು ಬಡಿಯಲು ಶುರು ಮಾಡುತ್ತಿದ್ದ. ಚರ್ಚು ಇರುವುದು ಅದೇ ಬೀದಿಯ ತುದಿಯಲ್ಲಿ. ಹೊಸದಾಗಿ ಬಂದ ಪಾಸ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಪ್ರಸಂಗದ ನಡುವೆ ಒಂದು ಪ್ರಶ್ನೆ ಕೇಳಿ ಜನ ಯೋಚಿಸಲಿ ಎಂದು ಸುಮ್ಮನೆ ನಿಲ್ಲುವ ಅಭ್ಯಾಸ ಅವರಿಗೆ. ಅವರು ನಿಂತದ್ದೇ ತಡ, ಬೀದಿಯ ಆ ತುದಿಯಿಂದ ಢಣ್ ಢಣ್ ಎಂದು ಉತ್ತರ ಬರುತ್ತಿತ್ತು. ಮಕ್ಕಳು ನಗುತ್ತಿದ್ದವು. ಕುಕ್ಕರ್ ಮಾತ್ರ ಕೀರ್ತನೆಯ ಪುಸ್ತಕ ತೆರೆದಿಟ್ಟುಕೊಂಡು ಬಾಯಿ ಮಾತ್ರ ಆಡಿಸುತ್ತಾ, ಪಕ್ಕದ ಖಾಲಿ ಜಾಗ ನೋಡುತ್ತಾ ನಿಂತಿರುತ್ತಿದ್ದ. ಅವನು ಎರಡು ವರ್ಷದಿಂದ ಹಾಡಿರಲಿಲ್ಲ.

ಸ್ನೇಹಿತನನ್ನು ವಾಪಸು ಕರೆತರಬೇಕು ಎಂಬುದೊಂದೇ ಅವನ ತಲೆಯಲ್ಲಿ ಕೂತುಬಿಟ್ಟಿತು. ಅವನಿಗೆ ಗೊತ್ತಿದ್ದ ದಾರಿ ಬೈಯುವುದು. ಗೋಡೆಯ ಮೇಲಿಂದ ದಿನಾ ಬೈದ. ದೇವರ ಮನೆಗೆ ಬೆನ್ನು ಹಾಕಿದವನು ಉದ್ಧಾರ ಆಗ್ತಾನಾ ಎಂದ. ಆ ಕಡೆಯಿಂದ ಸುತ್ತಿಗೆ ಇನ್ನೂ ಜೋರಾಯಿತು. ಮುನಿಸಿಕೊಂಡು ಒಂದು ವಾರ ಮಾತು ಬಿಟ್ಟ. ಗುಡುಗಿಗೆ ಅದು ಗೊತ್ತೇ ಆಗಲಿಲ್ಲ, ಈ ವಾರ ನಿನ್ನ ಮೈ ಸರಿ ಇರಲಿಲ್ವಾ ಎಂದು ಕೊನೆಗೆ ಅವನೇ ಕೇಳಿದ. ಆಮೇಲೆ ಬೆಂಚಿನ ಗಟ್ಟಿ ಹಲಗೆಯ ಬಗ್ಗೆ ಗುಡುಗು ಗೊಣಗುತ್ತಿದ್ದದ್ದು ನೆನಪಾಗಿ, ಅವನ ಜಾಗದ ಅಳತೆಗೆ ಸರಿಯಾಗಿ ನಾಲ್ಕು ಬೆರಳು ದಪ್ಪದ ಫೋಮು ಹಾಕಿ, ಅಂಚಿಗೆ ಎರಡು ಸಾಲು ಹೊಲಿಗೆ ಕೊಟ್ಟು ಒಂದು ಮೆತ್ತೆ ಹೊಲಿದು ಬೆಂಚಿಗೆ ಕಟ್ಟಿಬಂದ. ಸುದ್ದಿ ಗುಡುಗಿಗೆ ಮುಟ್ಟುವ ಮೊದಲೇ ದೊಡ್ಡತ್ತೆಗೆ ಮುಟ್ಟಿತು. ಇಡೀ ಸಭೆಗೇ ದೊಡ್ಡತ್ತೆಯಾದ ಆ ಎಂಬತ್ತರ ಮುದುಕಿ ಮರುವಾರವೇ ಬಂದು ಮೆತ್ತೆಯ ಮೇಲೆ ಕೂತಳು. ಎಬ್ಬಿಸುವ ಗಂಡಸು ಸಭೆಯಲ್ಲಿ ಇರಲಿಲ್ಲ.

ಇನ್ನು ಉಳಿದದ್ದು ಚೀಟಿ. ಬರೆಯುವುದೆಂದರೆ ಕುಕ್ಕರ್‌ಗೆ ಬಸ್ಸಿನ ನಲವತ್ತು ಸೀಟು ಹೊಲಿಯುವುದಕ್ಕಿಂತ ಕಷ್ಟ. ರೆಕ್ಸಿನ್ ಅಂಗಡಿಯ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ನಾಲಿಗೆ ಕಚ್ಚಿಕೊಂಡು ಸ್ನೇಹಿತನ ಹೆಸರು, ಕೆಳಗೆ 'ಟಿಂಕರ್ ಶೆಡ್' ಎಂದಷ್ಟೇ ಬರೆದ. ಪೆಟ್ಟಿಗೆಯ ಮುಂದೆ ನಿಂತಾಗಲೇ ಪೇಚಾಟ ಶುರುವಾದದ್ದು. ಸಭೆ ಬಿಟ್ಟು ಹೋದವನನ್ನು ಪ್ರಯಾಣದ ಕಿಂಡಿಗೆ ಹಾಕೋಣವೆಂದರೆ, ಅವನು ದಿನಾ ಬೆಳಗಾದರೆ ಪಕ್ಕದಲ್ಲೇ ಢಣ್ ಎನ್ನುತ್ತಾನೆ. ಮೂರನೆಯದಕ್ಕೆ ಹಾಕೋಣವೆಂದರೆ ಸಾವು ಹಳೆಯದಾಯಿತು. ದೇಹಕ್ಕೆ ಬಂದಂತೆ ಆತ್ಮಕ್ಕೂ ಜ್ವರ ಬರುತ್ತದಲ್ಲ ಎಂದುಕೊಂಡು ಕಾಯಿಲೆಯವರ ಕಿಂಡಿಗೆ ತುರುಕಿಬಂದ. ತಾನು ಮಾಡಿದ್ದು ಬಹಳ ಬುದ್ಧಿವಂತಿಕೆಯ ಕೆಲಸ ಎಂದು ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡ.

ಮೊದಲ ಕಿಂಡಿಯಲ್ಲಿ ಬಿದ್ದ ಹೆಸರುಗಳನ್ನು ಕಾರ್ಯದರ್ಶಿಗಳು ಕೆಂಪು ಪೆನ್ನಿನಲ್ಲಿ ಪಟ್ಟಿ ಮಾಡುತ್ತಾರೆ. ಗುಡುಗಿನ ಮುಖವನ್ನೇ ನೋಡಿರದ ಪಾಸ್ಟರ್ ಭಾನುವಾರ ಆ ಪಟ್ಟಿ ಹಿಡಿದು, ಅಸ್ವಸ್ಥರಾಗಿರುವ ನಮ್ಮ ಸಹೋದರ ಎಂದು ಅವನ ಹೆಸರು ಓದಿದರು. ಓದಿ, ತಮ್ಮ ಅಭ್ಯಾಸದಂತೆ ಸುಮ್ಮನೆ ನಿಂತರು. ಇಡೀ ಸಭೆಯ ಕಿವಿ ಬೀದಿಯ ಕಡೆಗೆ ತಿರುಗಿತು. ಸುತ್ತಿಗೆಯ ಸದ್ದಿಲ್ಲ. ಆ ದಿನ ಗುಡುಗು ಒಂದು ವ್ಯಾನಿನ ಬಾಗಿಲು ಹುಡುಕಿಕೊಂಡು ಗುಜರಿಗೆ ಹೋಗಿದ್ದ, ಅಷ್ಟೇ. ಆದರೆ ಅದು ಯಾರಿಗೆ ಗೊತ್ತು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡತ್ತೆ ಮೆತ್ತೆಯ ಮೇಲಿಂದಲೇ ನಿಟ್ಟುಸಿರು ಬಿಟ್ಟಳು. ಕುಕ್ಕರ್ ಆಗಲೇ ಎದ್ದು ನಿಜ ಹೇಳಬೇಕಿತ್ತು. ಮಾಡಿದ ಪ್ರಾರ್ಥನೆ ಎಲ್ಲಿಗೆ ಹೋಗುತ್ತೆ, ಹೇಗೂ ಅವನಿಗೇ ಸೇರುತ್ತೆ ಎಂದು ತಲೆ ತಗ್ಗಿಸಿ ಕೂತ.

ಪಟ್ಟಿಯಲ್ಲಿ ಹೆಸರು ಬಂತೆಂದರೆ ಅದೇ ದಿನ ಮಧ್ಯಾಹ್ನ ನಾಲ್ಕರ ಮೇಲೆ ಸಭೆಯವರು ಆ ಮನೆಗೆ ಹೋಗಿ ನೋಡಿಬರಬೇಕು. ಅದು ಅವರಲ್ಲಿ ಹಳೆಯ ರೂಢಿ. ಹನ್ನೊಂದು ಜನ ಹೋದರು. ಗುಡುಗು ಗುಜರಿಯಿಂದ ಬಂದು, ಉಂಡು, ಸೋರುವ ಮಾಡಿಗೆ ತಗಡು ಹೊದಿಸಲೆಂದು ಏಣಿ ಹತ್ತಿದ್ದ. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿದ್ದರಿಂದ ಯಾಕೆ ಬಂದಿರಿ ಎಂದು ಕೇಳುವುದಕ್ಕೂ ಆಗಲಿಲ್ಲ. ಕೆಳಗಿನಿಂದ ದೊಡ್ಡತ್ತೆ, ಇಳಿಯಪ್ಪಾ, ಇಳಿದು ಮಲಗು, ಕೆಲಸ ಎಲ್ಲಿಗೂ ಓಡಿಹೋಗಲ್ಲ ಎಂದು ಗೋಗರೆದಳು. ಇಳಿದವನ ಹಣೆ ಮುಟ್ಟಿ ನೋಡಿ ಸುಡುತ್ತಿದೆ ಎಂದಳು. ಬಿಸಿಲಿನಲ್ಲಿ ಒಂದು ಗಂಟೆ ಮಾಡಿನ ಮೇಲಿದ್ದವನ ಹಣೆ ಇನ್ನು ತಣ್ಣಗಿರುತ್ತದೆಯೇ? ನಾನು ಗಟ್ಟಿಯಾಗಿದ್ದೇನೆ ಎಂದು ಅವನು ಹೇಳಿದಷ್ಟೂ, ಪಾಪ, ಧೈರ್ಯ ತೋರಿಸ್ತಿದ್ದಾನೆ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಕಾರ್ಯದರ್ಶಿಗಳು ಭೇಟಿಯ ಪುಸ್ತಕ ತೆರೆದು 'ರೋಗಿ ಏಣಿಯ ಮೇಲಿದ್ದರು' ಎಂದು ಬರೆದುಕೊಂಡರು.

ಸುದ್ದಿ ಕುಕ್ಕರ್‌ನ ಹೆಂಡತಿಗೆ ಸಂಜೆಗೆ ಮುಟ್ಟಿತು. ಚೀಟಿ ಯಾರದೆಂದು ಅವಳು ಗಂಡನ ಮುಖ ನೋಡಿಯೇ ತಿಳಿದುಕೊಂಡಳು. ಅವನು ಮೊದಲ ಕೂಗು ಕೂಗುವ ಮೊದಲೇ ಅಂಗಿ ಕೈಗೆ ಕೊಟ್ಟು, ಹೋಗಿ ನೀವೇ ಬಾಯಿಬಿಟ್ಟು ಹೇಳಿ ಬನ್ನಿ ಎಂದು ಹೊರಗೆ ಕಳಿಸಿದಳು.

ಮೂರು ಬೀದಿಯಾಚೆ ಗುಡುಗಿನ ಮನೆ. ಎರಡು ಕೋಣೆ, ಮುಂದೆ ಚಿಕ್ಕ ಜಗಲಿ. ಬಾಗಿಲು ತೆರೆದೇ ಇತ್ತು. ಮೇಜಿನ ತುಂಬ ಕಿತ್ತಳೆ, ಸೇಬು, ಬ್ರೆಡ್ಡು, ನಾಲ್ಕು ಗ್ಲೂಕೋಸ್ ಡಬ್ಬಿ. ಅವುಗಳ ಹಿಂದೆ ಗುಡುಗು, ಅಂಗಡಿ ಇಟ್ಟವನ ಹಾಗೆ ಕೂತಿದ್ದ.

"ಚೀಟಿ ನಿಂದೇನಾ?"

"ನಂದೇ."

"ಅಂದ್ಕೊಂಡೆ. ಇಷ್ಟು ಅಚ್ಚುಕಟ್ಟಾಗಿ ದಡ್ಡ ಕೆಲಸ ಮಾಡೋಕೆ ಬೇರೆ ಯಾರಿಗೆ ಬರುತ್ತೆ."

ಕುಕ್ಕರ್‌ಗೆ ಜೀವ ಬಂದಂತಾಯಿತು. ಏಣಿ, ಮೊಳೆ, ದೊಡ್ಡತ್ತೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನೋಡಿದರೆ ಎದುರಿಗಿರುವವನು ನಗುತ್ತಿಲ್ಲ. ಒಂದು ಕಿತ್ತಳೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಾನೆ.

"ಹನ್ನೊಂದು ಜನ ಬಂದ್ರು ಕಣೋ," ಎಂದ ಗುಡುಗು. "ಏಣಿ ಮೇಲಿದ್ದವನನ್ನ ನೋಡೋಕೆ ಹನ್ನೊಂದು ಜನ. ಅವಳು ನಾಲ್ಕು ತಿಂಗಳು ಮಲಗಿದ್ಲು. ಭಾನುವಾರ ನಾಲ್ಕು ಗಂಟೆಗೆ ತಲೆ ಬಾಚಿಸ್ಕೋತಿದ್ಲು, ಯಾರಾದ್ರೂ ಬರ್ತಾರೆ ಅಂತ. ಈ ಕುರ್ಚೀನ ಮಂಚದ ಹತ್ರ ಎಳೆದಿಡಿ ಅಂತಿದ್ಲು. ಕತ್ತಲಾದ ಮೇಲೆ ನಾನೇ ವಾಪಸು ಗೋಡೆಗೆ ಒತ್ತಿಡ್ತಿದ್ದೆ."

ಕುಕ್ಕರ್‌ನ ಮೊದಲ ಕೂಗು ಅಲ್ಲಿ ಹೊರಟಿತು. ಚೀಟಿ ಹಾಕಿದರೆ ತಾನೇ ಸಭೆಗೆ ಗೊತ್ತಾಗುವುದು, ಗಂಡನಾದವನು ನೀನು ಯಾಕೆ ಹಾಕಲಿಲ್ಲ ಎಂದು ರೇಗಿದ. ನೀನು ಹಾಕಿರುತ್ತೀಯ ಎಂದುಕೊಂಡಿದ್ದೆ ಎಂದ ಗುಡುಗು. ನೀನೇ ಹಾಕಿರುತ್ತೀಯ ಎಂದು ನಾನಂದುಕೊಂಡಿದ್ದೆ ಎಂದ ಕುಕ್ಕರ್. ಆ ನಾಲ್ಕು ತಿಂಗಳು ಸಭೆಗೆ ಖಾಯಂ ಪಾಸ್ಟರ್ ಇರಲಿಲ್ಲ. ಹಳಬರು ನಿವೃತ್ತರಾಗಿ ಹೊಸಬರು ಬರುವವರೆಗೆ ವಾರಕ್ಕೊಬ್ಬರು ಎಲ್ಲಿಂದಲೋ ಬಂದು ಪ್ರಸಂಗ ಮಾಡಿ ಹೋಗುತ್ತಿದ್ದರು, ಪಟ್ಟಿ ಓದುವವರೇ ಇರಲಿಲ್ಲ. ಹೀಗಾಗಿ ಹೆಸರು ಇಲ್ಲವೆಂಬುದು ಇಬ್ಬರಿಗೂ ತಿಳಿಯಲಿಲ್ಲ. ಅಲ್ಲಿ ಇಲ್ಲಿ ಕೇಳಿ ಗೊತ್ತಿದ್ದವರು, ಹೇಗೂ ಕುಕ್ಕರ್ ದಿನಾ ಹೋಗುತ್ತಿರುತ್ತಾನೆ, ಏನಾದರೂ ಬೇಕಿದ್ದರೆ ಅವನೇ ಹೇಳುತ್ತಾನೆ ಎಂದು ಸುಮ್ಮನಿದ್ದರು. ಕುಕ್ಕರ್‌ನ ಹೆಂಡತಿ ಮಗಳ ಹೆರಿಗೆಗೆಂದು ದೂರದ ಊರಿಗೆ ಹೋಗಿದ್ದಳು.

"ನಾನು ದಿನಾ ಕೇಳಿದೆನಲ್ಲೋ," ಎಂದು ಎರಡನೆಯ ಕೂಗು ಕೂಗಿದ ಕುಕ್ಕರ್. "ಶೆಡ್ಡು ತೆಗೆದ ಕೂಡಲೇ ಗೋಡೆ ಮೇಲಿಂದ ಹೇಗಿದ್ದಾಳೆ ಅಂತ ಕೇಳ್ತಿರಲಿಲ್ವಾ? ಒಂದು ದಿನ ತಪ್ಪಿಸಿದ್ದೀನಾ?"

"ಕೇಳಿದ್ದು ನನ್ನನ್ನ. ಅವಳನ್ನಲ್ಲ."

ಮೂರನೆಯ ಕೂಗು ಬರಲೇ ಇಲ್ಲ.

ಕಾಯಿಲೆಯ ಮನೆ ಎಂದರೆ ಕುಕ್ಕರ್‌ಗೆ ಚಿಕ್ಕಂದಿನಿಂದ ಹೆದರಿಕೆ. ಔಷಧದ ವಾಸನೆ ಬಂದರೆ ಸಾಕು, ಅಂಗೈ ಬೆವರಿ ಬಾಯಿ ಒಣಗುತ್ತದೆ. ಇದನ್ನು ಅವನು ಯಾರಿಗೂ ಹೇಳಿದವನಲ್ಲ, ತನಗೇ ಸರಿಯಾಗಿ ಹೇಳಿಕೊಂಡವನಲ್ಲ. ಗೋಡೆಯ ಮೇಲಿಂದ ಕೇಳಿದರೆ ನೋಡಿ ಬಂದಂತೆಯೇ ಎಂದು ಸಮಾಧಾನ ಮಾಡಿಕೊಂಡಿದ್ದ. ಗುಡುಗಿನ ಹೆಂಡತಿ ಅವನನ್ನು ಅಣ್ಣಾ ಎಂದು ಕರೆಯುತ್ತಿದ್ದಳು. ಅವನ ಅಂಗಡಿಯ ಸೀಟುಗಳ ಅಂಚಿನ ಕೈಹೊಲಿಗೆಯನ್ನು ಎಷ್ಟೋ ವರ್ಷ ಮನೆಯಲ್ಲೇ ಕೂತು ಮಾಡಿಕೊಟ್ಟವಳು. ಅಣ್ಣ ಯಾವಾಗ ಬರ್ತಾರೆ ಎಂದು ಅವಳು ಗಂಡನ ಹತ್ತಿರ ಕೇಳಿಸಿದ್ದಳು. ಈ ಬಸ್ಸು ಮುಗಿಸಿ ಬರ್ತೀನಿ ಅಂತ ಹೇಳು ಎಂದು ಕುಕ್ಕರ್ ಗೋಡೆಯ ಮೇಲಿಂದಲೇ ಹೇಳಿ ಕಳಿಸಿದ್ದ. ಆ ಬಸ್ಸು ಮುಗಿಯಿತು. ಇನ್ನೊಂದು ಬಂತು. ಮೂರನೆಯ ಬಸ್ಸಿನ ಹಿಂದಿನ ಸಾಲು ಹೊಲಿಯುತ್ತಿದ್ದಾಗ ಅವಳು ತೀರಿಕೊಂಡಳು.

ಗುಡುಗು ಕಿತ್ತಳೆ ಸುಲಿದು ಅರ್ಧ ಅವನ ಕೈಗಿಟ್ಟ.

"ದೇವರ ಮೇಲೆ ನನಗೆ ಕೋಪ ಇಲ್ಲ," ಎಂದ. "ಮನೆಯಲ್ಲಿ ಪ್ರಾರ್ಥನೆ ಬಿಟ್ಟವನಲ್ಲ ನಾನು. ಆ ಬೆಂಚಿನಲ್ಲಿ ನಿನ್ನ ಪಕ್ಕ ನಿಂತು ಹಾಡೋಕೆ ಗಂಟಲು ಬರಲಿಲ್ಲ, ಅಷ್ಟೇ."

ಎರಡು ವರ್ಷ ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದನೋ ಆ ರೋಗ ತಾನೇ ಎಂದು ಕುಕ್ಕರ್‌ಗೆ ಆಗ ತಿಳಿಯಿತು. ಕುಕ್ಕರ್ ಕಿತ್ತಳೆಯನ್ನು ಬೀಜ ಸಮೇತ ನುಂಗಿ ಮನೆಗೆ ಬಂದ. ಹೆಂಡತಿ ಮುಖ ನೋಡಿ ತಟ್ಟೆ ಹಾಕಿದಳು.

ಮುಂದಿನ ಭಾನುವಾರ ಪಟ್ಟಿ ಓದುವ ಹೊತ್ತಿಗೆ ಅವನು ಎದ್ದು ನಿಂತ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಬಾಯಿ. ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಜಗಳದ ದನಿಯಲ್ಲೇ ಹೊರಟಿತು. ಚೀಟಿ ತನ್ನದು, ಗುಡುಗಿಗೆ ಕಾಯಿಲೆಯಿಲ್ಲ, ಕಾಯಿಲೆಯಾಗಿದ್ದವಳು ಅವನ ಹೆಂಡತಿ, ಆಗ ನಾವು ಯಾರೂ ಹೋಗಲಿಲ್ಲ, ಎಲ್ಲರಿಗಿಂತ ಹತ್ತಿರದಲ್ಲಿದ್ದ ನಾನೇ ಹೋಗಲಿಲ್ಲ ಎಂದ. ಹಾಗೆಯೇ ಪೆಟ್ಟಿಗೆಯ ಕಡೆಗೆ ಕೈ ತೋರಿಸಿ ಕಿಂಡಿಗಳ ವಿಷಯವನ್ನೂ ಎತ್ತಿದ. ಆಗಲೇ ಕಾರ್ಯದರ್ಶಿಗಳು ಜೇಡದ ಮಾತು ಹೇಳಿದ್ದು. ಪಾಸ್ಟರ್ ಇಬ್ಬರನ್ನೂ ಕೂರಿಸಿ, ಆ ದಿನದ ಭೇಟಿಗೆ ಯಾರು ಹೋಗುತ್ತೀರಿ ಎಂದು ಮಾತ್ರ ಕೇಳಿದರು. ನಾನು ಎಂದ ಕುಕ್ಕರ್. ಹೇಳಿ ಕೂತ ಮೇಲೆ ಅಂಗೈ ಬೆವರಲು ಶುರುವಾಯಿತು.

ಮೊದಲ ಮನೆಯ ಬಾಗಿಲಲ್ಲಿ ಅವನು ಹತ್ತು ನಿಮಿಷ ನಿಂತಿದ್ದ. ಕಾಲು ಮುರಿದುಕೊಂಡು ಮಲಗಿದ ಒಬ್ಬ ಹಳೆಯ ಬಸ್ ಡ್ರೈವರ್ ಮನೆ ಅದು. ಒಳಗಿನಿಂದ ಮುಲಾಮಿನ ವಾಸನೆ ಬಂದದ್ದೇ ಕಾಲು ಹಿಂದಕ್ಕೆ ಎಳೆಯಿತು. ಅಷ್ಟರಲ್ಲಿ ಬೆನ್ನಿನ ಮೇಲೆ ಒಂದು ಕೈ ಬಿತ್ತು.

"ನಡಿಯೋ," ಎಂದ ಗುಡುಗು. "ಕಚ್ಚಲ್ಲ."

ಸಭೆಯಲ್ಲಿ ಆದದ್ದೆಲ್ಲ ಅಷ್ಟು ಹೊತ್ತಿಗೆ ಅವನ ಕಿವಿಗೆ ಬಿದ್ದಿತ್ತು. ಒಂದೇ ನೂಕಿಗೆ ಕುಕ್ಕರ್ ಮಂಚದ ಪಕ್ಕದ ಕುರ್ಚಿಯಲ್ಲಿದ್ದ. ಏನು ಮಾತಾಡುವುದೆಂದು ತೋಚದೆ, ಕೂತ ಕುರ್ಚಿಯ ಸೀಟು ಕುಸಿದಿದೆ, ಇದನ್ನು ಹೊಲಿದವನ ಕೈ ಮುರಿಯ ಎಂದು ಬೈದ. ಹೊಲಿದವನು ನೀನೇ, ಹನ್ನೆರಡು ವರ್ಷದ ಹಿಂದೆ ಎಂದ ಡ್ರೈವರ್. ಮೂವರೂ ನಕ್ಕರು. ಅರ್ಧ ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ.

ಅಂದಿನಿಂದ ಭಾನುವಾರ ನಾಲ್ಕು ಗಂಟೆಯಾದರೆ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ. ಗುಡುಗನ್ನು ಆರಾಧನೆಗೆ ಬಾ ಎಂದು ಕುಕ್ಕರ್ ಕರೆಯಲಿಲ್ಲ, ಬೈಯಲೂ ಇಲ್ಲ. ಹೇಳಲು ಬಾಯಿ ತುರಿಸಿದಾಗಲೆಲ್ಲ ನಾಲಿಗೆ ಕಚ್ಚಿಕೊಂಡ. ಎರಡು ತಿಂಗಳ ಮೇಲೆ ಒಬ್ಬಳು ಅಜ್ಜಿ, ಮಾತು ಸಾಕು, ಒಂದು ಕೀರ್ತನೆ ಹೇಳಿ ಎಂದಳು. ಕುಕ್ಕರ್ ಗೋಡೆ ನೋಡಿದ. ಸ್ವಲ್ಪ ಹೊತ್ತು ಗಂಟಲು ಸರಿ ಮಾಡಿಕೊಂಡು ಗುಡುಗು ಎತ್ತಿಕೊಂಡ. ಎರಡು ವರ್ಷ ಸುಮ್ಮನಿದ್ದ ದನಿ ಮೊದಲ ಸಾಲಿನಲ್ಲಿ ಕರಕರ ಎಂದಿತು, ಎರಡನೆಯದರಲ್ಲಿ ಕಿಟಕಿಯ ಗಾಜು ಅದುರಿತು. ಅದರ ಕೆಳಗೆ ಹಳೆಯ ಜಾಗ ಹುಡುಕಿಕೊಂಡು ಕುಕ್ಕರ್ ಸೇರಿಕೊಂಡ. ಅಜ್ಜಿ, ಒಬ್ಬರು ಹಾಡಿದರೆ ಸಾಕಿತ್ತು ಎಂದಳು.

ಮರುವಾರ ಬೀದಿಯಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಆರಾಧನೆ ಶುರುವಾಗಿ ಕಾಲು ಗಂಟೆಗೆ ಗುಡುಗು ಒಳಗೆ ಬಂದು ಮೂರನೇ ಬೆಂಚಿನ ಪಕ್ಕ ನಿಂತ. ದೊಡ್ಡತ್ತೆ ಮೆತ್ತೆಯಿಂದ ಏಳಲಿಲ್ಲ, ಸರಿಯಲೂ ಇಲ್ಲ. ಅವನು ಸುತ್ತು ಹಾಕಿಕೊಂಡು ಬಂದು ಕುಕ್ಕರ್‌ನ ಇನ್ನೊಂದು ಪಕ್ಕದ ಬರೀ ಹಲಗೆಯ ಮೇಲೆ ಕೂತ. ಆ ದಿನ ಪಾಸ್ಟರ್ ತಮ್ಮ ಪ್ರಶ್ನೆ ಕೇಳಿ ನಿಂತಾಗ ಯಾರೂ ಉತ್ತರ ಕೊಡಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಕುಕ್ಕರ್ ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೊರಗೆ ಹಾಕಿದ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಹೊರಟದ್ದು ಅದೇ ಮೊದಲು. ಸಿಟ್ಟಿನಲ್ಲಿ ಹೇಳಿದಂತೆಯೇ ಕೇಳಿಸಿತು.

"ನನ್ನ ಪಾಲಿಂದು ಯಾವತ್ತೋ ಬಿಟ್ಟೆ ಕಣೋ," ಎಂದ ಗುಡುಗು. "ಅವಳ ಪಾಲಿಂದು ನಾನು ಹೇಗೆ ಬಿಡಲಿ? ಬರ್ತೀನಿ ಅಂದಿದ್ದು ನೀನು ಅವಳಿಗೆ. ಅದು ನಂದಲ್ವಲ್ಲ."

ಕುಕ್ಕರ್ ಈಗ ವಾರಕ್ಕೆ ಮೂರು ಮನೆಗೆ ಹೋಗುತ್ತಾನೆ, ಕೆಲವು ವಾರ ನಾಲ್ಕಕ್ಕೂ ಹೋಗಿದ್ದುಂಟು. ಬಸ್ಸು ಮುಗಿಸಿ ಬರುತ್ತೇನೆಂದು ಮಾತು ಕೊಟ್ಟ ಆ ಒಂದು ಮನೆಯ ಭೇಟಿ ಹಾಗೆಯೇ ಬಾಕಿ ಇದೆ.